ಆಪ್ತರು ಕಳಿಸಿದ್ದು

ಬೆಂಡೆಕಾಯಿ ನೀರಿನ ಕಥೆಯನ್ನು ಮೊದಲೇ ಹೇಳಿಬಿಡುತ್ತೇನೆ. ಅದನ್ನು ಮುಚ್ಚಿಟ್ಟು ತರ್ಕಶಾಸ್ತ್ರದ ಮಾತಾಡಿದರೆ ಚೆನ್ನಾಗಿರುವುದಿಲ್ಲ.

ಸಾಗರದಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ಇಪ್ಪತ್ತು ವರ್ಷದ ಮೇಲಾಯಿತು. ಒಂದು ಮಳೆಗಾಲದ ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಸೋದರಮಾವ ಮನೆಯವರ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜ್ ಹಾಕಿದ್ದರು. ಎರಡು ಬೆಂಡೆಕಾಯಿ ಸೀಳಿ ರಾತ್ರಿ ನೀರಿನಲ್ಲಿ ನೆನೆಸಿಟ್ಟು, ಬೆಳಿಗ್ಗೆ ಖಾಲಿ ಹೊಟ್ಟೆಗೆ ಕುಡಿದರೆ ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತದಂತೆ. ನಾನು ಓದಿದ್ದು ಮೊದಲ ಎರಡು ಸಾಲು. ಬೆಂಡೆಕಾಯಿ ತಾನೇ, ಏನು ಕೇಡು ಅಂದುಕೊಂಡು ಹೊಸನಗರದ ಚಿಕ್ಕಮ್ಮನಿಗೆ ಫಾರ್ವರ್ಡ್ ಮಾಡಿದೆ. ಅವರಿಗೆ ಸಕ್ಕರೆ ಕಾಯಿಲೆ ಇದೆ, ಮಾತ್ರೆ ನನ್ನ ಅಂಗಡಿಯಿಂದಲೇ ಹೋಗುವುದು. ಕೊನೆಯ ಸಾಲು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಒಂದು ವಾರದ ಮೇಲೆ ಮಾತ್ರೆಯ ಅಗತ್ಯವೇ ಇಲ್ಲ ಅಂತ ಅಲ್ಲಿ ಬರೆದಿತ್ತು.

ಚಿಕ್ಕಮ್ಮ ಪೂರ್ತಿ ಓದಿದ್ದರು.

ಐದು ವಾರ ಕಳೆದ ಮೇಲೆ ಫೋನ್ ಬಂತು. ಯಾಕೋ ವಿಪರೀತ ಸುಸ್ತು, ರಾತ್ರಿ ನಾಲ್ಕು ಸಲ ಏಳುವುದಾಗಿದೆ, ಎಷ್ಟು ನೀರು ಕುಡಿದರೂ ಬಾಯಿ ಒಣಗುತ್ತದೆ. ಪರೀಕ್ಷೆ ಮಾಡಿಸಿದರೆ ಖಾಲಿ ಹೊಟ್ಟೆಯಲ್ಲೇ 286.

"ಮಾತ್ರೆ ತಗೊಳ್ತಾ ಇದ್ದೀರಲ್ಲ?"

"ಎಂಥ ಮಾತ್ರೆ ಮಾರಾಯ? ನೀನೇ ಬೇಡ ಅಂತ ಕಳಿಸಿದ್ದಲ್ವಾ?"

ನಾನು ಮಾವನ ಮೇಲೆ ಹಾಕಲು ನೋಡಿದೆ. ಅದು ಮಾವ ಗ್ರೂಪಲ್ಲಿ ಹಾಕಿದ್ದು, ನಾನು ಸುಮ್ನೆ ಕಳಿಸಿದೆ ಅಂದೆ. ಚಿಕ್ಕಮ್ಮ ಹೇಳಿದ್ದು ಇಷ್ಟೇ: "ಅಣ್ಣ ಹಾಕಿದ್ದನ್ನು ನೋಡಿದ್ದೆ. ಬಿಟ್ಟುಬಿಟ್ಟಿದ್ದೆ. ನೀನು ಕಳಿಸಿದ ಮೇಲೇ ಶುರು ಮಾಡಿದ್ದು."

ಡಾಕ್ಟರು ಬೈದು ಮತ್ತೆ ಮಾತ್ರೆ ಶುರು ಮಾಡಿಸಿದರು. ದೊಡ್ಡ ಅನಾಹುತ ಆಗಲಿಲ್ಲ. ಆದರೆ ಐದು ವಾರ ಅವರ ಮಾತ್ರೆ ತೆಗೆದುಕೊಂಡು ಹೋಗಲು ಯಾರೂ ಅಂಗಡಿಗೆ ಬಂದಿರಲಿಲ್ಲ. ಅದೂ ನನಗೆ ಹೊಳೆದಿರಲಿಲ್ಲ.

ನಾಚಿಕೆಯ ವಿಷಯ ಇನ್ನೊಂದಿದೆ. ಆ ಹೊತ್ತಿಗೆ ನಾನು ಒಂದು ವರ್ಷದಿಂದ ತರ್ಕಸಂಗ್ರಹ ಕಲಿಯುತ್ತಿದ್ದೆ. ನಮ್ಮ ಬೀದಿಯಲ್ಲಿ ಒಬ್ಬರು ನಿವೃತ್ತ ಸಂಸ್ಕೃತ ಮೇಷ್ಟ್ರಿದ್ದಾರೆ. ಭಾನುವಾರ ಸಂಜೆ ನಾಲ್ಕೈದು ಜನರನ್ನು ಜಗಲಿಯಲ್ಲಿ ಕೂರಿಸಿಕೊಂಡು ಪಾಠ ಹೇಳುತ್ತಾರೆ. 17ನೇ ಶತಮಾನದಲ್ಲಿ ಅನ್ನಂಭಟ್ಟ ಬರೆದ ಸಣ್ಣ ಪುಸ್ತಕ ಅದು. ನ್ಯಾಯಶಾಸ್ತ್ರಕ್ಕೆ, ಅಂದರೆ ನಮ್ಮ ಹಳೆಯ ತರ್ಕಶಾಸ್ತ್ರಕ್ಕೆ, ಕಾಲಿಡುವವರು ಇಂದಿಗೂ ಅದರಿಂದಲೇ ಶುರು ಮಾಡುತ್ತಾರೆ. 'ಆಪ್ತಸ್ತು ಯಥಾರ್ಥವಕ್ತಾ' ಅಂತ ಅದರಲ್ಲೊಂದು ಸಾಲು. ಇದ್ದದ್ದನ್ನು ಇದ್ದಂತೆ ಹೇಳುವವನೇ ಆಪ್ತ ಎಂದರ್ಥ. ನಾನು ಅದನ್ನು ಬಾಯಿಪಾಠ ಮಾಡಿ ಒಪ್ಪಿಸಿದ್ದೆ. ಮೇಷ್ಟ್ರು ಶಾಭಾಸ್ ಅಂದಿದ್ದರು.

ಚಿಕ್ಕಮ್ಮನ ಫೋನ್ ಬಂದ ರಾತ್ರಿ ಆ ಸಾಲು ಬೇರೆಯೇ ಥರ ಕೇಳಿಸಿತು.

ಕನ್ನಡದಲ್ಲಿ ಆಪ್ತ ಅಂದರೆ ಹತ್ತಿರದವನು. ಆಪ್ತ ಮಿತ್ರ, ಆಪ್ತ ಬಳಗ, ಆಪ್ತ ಸಲಹೆ. ನ್ಯಾಯಶಾಸ್ತ್ರದ ಆಪ್ತನಿಗೂ ಹತ್ತಿರಕ್ಕೂ ಸಂಬಂಧವೇ ಇಲ್ಲ. ಈ ಶಾಸ್ತ್ರದ ಮೂಲಗ್ರಂಥವಾದ ಗೌತಮನ ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ ಆಪ್ತನಿಗೆ ಎರಡು ಪರೀಕ್ಷೆ ಇಡುತ್ತಾನೆ. ವಿಷಯವನ್ನು ಅವನು ಸ್ವತಃ ನೇರವಾಗಿ ತಿಳಿದಿರಬೇಕು. ತಿಳಿದದ್ದನ್ನು ತಿಳಿದಂತೆಯೇ ಹೇಳುವ ಮನಸ್ಸಿರಬೇಕು. ಅಷ್ಟೇ. ಅವನು ನಿಮ್ಮ ಮಾವನಾಗಿರಬೇಕು ಅಂತ ಇಲ್ಲ. ದೊಡ್ಡ ಮನುಷ್ಯನಾಗಿರಬೇಕು ಅಂತಲೂ ಇಲ್ಲ. ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಈ ಲಕ್ಷಣ ಒಂದೇ ಅಂತ ಭಾಷ್ಯದಲ್ಲಿ ಸ್ಪಷ್ಟವಾಗಿದೆ. ಮೇಷ್ಟ್ರು ಇದನ್ನು ಓದಿದಾಗ ನಾನು ಎರಡು ಸಲ ಕೇಳಿ ಖಚಿತ ಮಾಡಿಕೊಂಡೆ. ಅಡಿಕೆ ಕೊಳೆರೋಗದ ವಿಷಯದಲ್ಲಿ ಮರ ಹತ್ತಿ ಅಡಿಕೆ ಕೊಯ್ಯುವ ನಮ್ಮ ಮನೆಯ ಕೊನೆಗಾರ ಆಪ್ತ. ಪಟ್ಟಣದ ಹೃದ್ರೋಗ ತಜ್ಞ ಅಲ್ಲ.

ಮಾವ ಚಿಕ್ಕಮ್ಮನಿಗೆ ಕನ್ನಡದ ಆಪ್ತ. ನಾನು ಕನ್ನಡದ ಆಪ್ತನೂ ಹೌದು, ಮೇಲೆ ಅಂಗಡಿಯ ಬೋರ್ಡು ಬೇರೆ. ಬೆಂಡೆಕಾಯಿ ನೀರಿನ ವಿಷಯದಲ್ಲಿ ಮಾತ್ರ ಇಬ್ಬರೂ ಏನನ್ನೂ ಕಂಡವರಲ್ಲ. ಫಾರ್ವರ್ಡ್ ಬಟನ್ ಒತ್ತಿದಾಗ ಹೋಗುವುದು ಮೆಸೇಜ್ ಒಂದೇ ಅಲ್ಲ, ಕಳಿಸಿದವನ ಹೆಸರಿನ ತೂಕವೂ ಜೊತೆಗೆ ಹೋಗುತ್ತದೆ. ನಾನು ಅದನ್ನು ಯೋಚಿಸಿಯೇ ಇರಲಿಲ್ಲ.

ಮರುದಿನ ಒಂದು ಚೀಟಿಯಲ್ಲಿ 'ಕಂಡಿದ್ದೋ? ಕೇಳಿದ್ದೋ?' ಅಂತ ಬರೆದು ಗಲ್ಲಾಪೆಟ್ಟಿಗೆಯ ಒಳಬದಿಗೆ ಅಂಟಿಸಿದೆ. ಈಗ ಕಳಿಸುವ ಮುಂಚೆ ಇದೊಂದೇ ಪ್ರಶ್ನೆ. ಕೇಳಿದ್ದಾದರೆ, ಯಾರಿಂದ? ಅವರು ಕಂಡಿದ್ದಾರಾ? ಎರಡು ಮೆಟ್ಟಿಲು ಇಳಿಯುವಷ್ಟರಲ್ಲಿ ಹೆಚ್ಚಿನ ಮೆಸೇಜುಗಳ ಕಥೆ ಮುಗಿಯುತ್ತದೆ. 'ಜರ್ಮನಿಯ ಪ್ರಸಿದ್ಧ ಡಾಕ್ಟರ್ ಒಬ್ಬರು' ಅಂತ ಶುರುವಾಗಿರುತ್ತದೆ, ಆ ಡಾಕ್ಟರಿಗೆ ಹೆಸರೇ ಇರುವುದಿಲ್ಲ. ಮೊದಲು ದಿನಕ್ಕೆ ಎಂಟು ಹತ್ತು ಕಳಿಸುತ್ತಿದ್ದವನು ಈಗ ವಾರಕ್ಕೆ ಒಂದು ಕಳಿಸಿದರೆ ಜಾಸ್ತಿ. ಹೆಂಡತಿಗೆ ಇದು ಬಹಳ ಸಂತೋಷದ ವಿಷಯ, ಕಾರಣ ಬೇರೆ ಇರಬಹುದು.

ಅಂಗಡಿಯ ಕೆಲಸಕ್ಕೆ ಜಾಸ್ತಿ ಒದಗಿದ್ದು ಸಂಶಯದ ಪಾಠ. ಮುಸ್ಸಂಜೆ. ದೂರದಲ್ಲಿ ಏನೋ ನೆಟ್ಟಗೆ ನಿಂತಿದೆ. ಮೋಟುಮರವೋ ಮನುಷ್ಯನೋ? ನ್ಯಾಯಶಾಸ್ತ್ರದ ಹಳೆಯ ಉದಾಹರಣೆ. ಎತ್ತರ ಎರಡಕ್ಕೂ ಸಮಾನ. ಹಾಗಾಗಿ ಎಷ್ಟು ಹೊತ್ತು ಎತ್ತರವನ್ನೇ ದಿಟ್ಟಿಸಿದರೂ ಸಂಶಯ ಹೋಗದು. ಕೈಕಾಲು ಕಾಣಬೇಕು, ಇಲ್ಲವೇ ಪೊಟರೆ ಕಾಣಬೇಕು. ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇರದ ಗುರುತನ್ನು ಹುಡುಕಬೇಕು.

ಡಾಕ್ಟರ ಚೀಟಿ ಓದುವವನಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕೇ? ಒಮ್ಮೆ ಒಬ್ಬ ಅಜ್ಜಿಯ ಮೊಮ್ಮಗ ಚೀಟಿ ತಂದ. 'ಹೈಡ್ರ' ಅಂತ ಶುರುವಾಗಿ ಮುಂದೆ ಇರುವೆ ಹರಿದ ಹಾಗೆ ಒಂದು ಗೆರೆ, ಕೊನೆಗೆ 25. ಹೈಡ್ರಾಕ್ಸಿಜಿನ್ ತುರಿಕೆಗೆ ಕೊಡುವುದು. ಹೈಡ್ರಲಜಿನ್ ಬಿಪಿಗೆ. ಎರಡೂ 25 ಮಿಲಿಗ್ರಾಮಿನಲ್ಲಿ ಬರುತ್ತವೆ. ನಾನು ಆ 25ನ್ನೇ ನೋಡುತ್ತಾ ನಿಂತಿದ್ದೆ. ಆಮೇಲೆ ನಗು ಬಂತು. ಎತ್ತರ ನೋಡ್ತಾ ಇದ್ದೀನಲ್ಲ!

"ಅಜ್ಜಿಗೆ ಏನು ತೊಂದರೆ ಅಂತ ತೋರಿಸಿದ್ರಿ?"

"ಮೈಯೆಲ್ಲ ಕೆರ್ಕೊಳ್ತಾರೆ. ಬಿಪಿನೂ ಇದೆ."

ಅಂದರೆ ಅದೂ ಗುರುತಾಗಲಿಲ್ಲ, ಅದೂ ಎರಡಕ್ಕೂ ಸಮಾನ. ಡಾಕ್ಟರಿಗೆ ಫೋನ್ ಮಾಡಿದೆ. ಒಂದನೇ ಸಲ ಎತ್ತಲಿಲ್ಲ. ಹುಡುಗನಿಗೆ ಬಸ್ಸಿನ ಅವಸರ, ಒಂದೇ ಸಮ ಗಡಿಯಾರ ನೋಡುತ್ತಿದ್ದ. ಇಂಥ ಹೊತ್ತಿನಲ್ಲೇ ಇಪ್ಪತ್ತು ವರ್ಷದ ಅನುಭವ 'ಅದೇ ಇರ್ಬೇಕು, ಕೊಡು' ಅನ್ನುವುದು. ಮೂರನೇ ಸಲಕ್ಕೆ ಎತ್ತಿದರು. ತುರಿಕೆಯದ್ದೇ. ನನ್ನ ಊಹೆಯೂ ಅದೇ ಇತ್ತು. ಊಹೆ ಸರಿ ಇತ್ತು ಅನ್ನುವುದಕ್ಕೂ ಗೊತ್ತಿತ್ತು ಅನ್ನುವುದಕ್ಕೂ ಎಷ್ಟು ವ್ಯತ್ಯಾಸ ಅಂತ ಆವತ್ತು ತಿಳಿಯಿತು.

ಹೊಗೆ ಮತ್ತು ಬೆಂಕಿಯ ಪಾಠ ಎಲ್ಲರಿಗೂ ಗೊತ್ತಿರುವುದೇ. ಗುಡ್ಡದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ. ಹೊಗೆ ಇದ್ದಲ್ಲೆಲ್ಲ ಬೆಂಕಿ, ಅಡುಗೆಮನೆಯ ಹಾಗೆ. ನಾವು ಮರೆಯುವುದು ಇದರ ಇನ್ನೊಂದು ಮಗ್ಗುಲನ್ನು. ಬೆಂಕಿ ಇಲ್ಲದ ಕಡೆ ಹೊಗೆಯೂ ಇಲ್ಲ, ಕೆರೆಯ ಹಾಗೆ. ಅಡುಗೆಮನೆ ನೋಡಿದವನು ಕೆರೆಯನ್ನೂ ನೋಡಿ ಬರಬೇಕು.

ಶೀತಕ್ಕೆ ಆಂಟಿಬಯಾಟಿಕ್ ಕೇಳಿಕೊಂಡು ಬರುವವರು ಕೆರೆ ಕಡೆ ಹೋಗಿರುವುದೇ ಇಲ್ಲ. "ಹೋದ ಸಲ ಅದನ್ನೇ ತಗೊಂಡೆ, ಐದು ದಿನಕ್ಕೆ ಹೋಯ್ತು" ಅನ್ನುತ್ತಾರೆ. ಸಾಮಾನ್ಯ ಶೀತ ವೈರಸ್‌ನಿಂದ ಬರುವುದು, ಆಂಟಿಬಯಾಟಿಕ್ ವೈರಸ್‌ಗೆ ನಾಟುವುದಿಲ್ಲ ಅಂತ ಮೊದಲೆಲ್ಲ ಭಾಷಣ ಮಾಡುತ್ತಿದ್ದೆ. ಯಾರೂ ಕೇಳುತ್ತಿರಲಿಲ್ಲ. ಈಗ ಹೀಗೆ ಕೇಳುತ್ತೇನೆ.

"ಮನೇಲಿ ಇನ್ಯಾರಿಗೆ ಶೀತ ಆಗಿತ್ತು?"

"ಹುಡುಗನಿಗೂ ಆಗಿತ್ತು."

"ಅವನೇನು ತಗೊಂಡ?"

"ಅವನಾ? ಏನೂ ಇಲ್ಲ."

"ಹೋಯ್ತಾ?"

"ಹೋಯ್ತು." ಒಂದು ಕ್ಷಣ ಸುಮ್ಮನಿರುತ್ತಾರೆ. "ಆದ್ರೂ ಒಂದು ಸ್ಟ್ರಿಪ್ ಕೊಡಿ."

ಚೀಟಿ ಇಲ್ಲದೆ ಕೊಡುವುದಿಲ್ಲ. ಕೆಲವರು ಸಿಟ್ಟು ಮಾಡಿಕೊಂಡು ಹೋಗುತ್ತಾರೆ. ಶಾಸ್ತ್ರ ಓದಿದರೆ ವ್ಯಾಪಾರ ಹೆಚ್ಚುತ್ತದೆ ಅಂತ ಯಾರೂ ಹೇಳಿಲ್ಲ. ಆದರೂ ಐದಾರು ಜನ "ಹೌದಲ್ವಾ" ಅಂದು ಬರೀ ಆವಿ ತೆಗೆದುಕೊಳ್ಳಲು ಮನೆಗೆ ಹೋಗಿದ್ದಾರೆ. ಕಾಗೆ ಕೂತಾಗ ತಾಳೆಹಣ್ಣು ಬಿತ್ತು ಅನ್ನುವ ಕಾಕತಾಳೀಯ ಅವರ ಮನಸ್ಸಿಗೆ ತಾನಾಗಿ ಬಂದಿರಬೇಕು. ನಾನು ಆ ಪದವನ್ನು ಅಂಗಡಿಯಲ್ಲಿ ಬಳಸುವುದಿಲ್ಲ.

ಇಷ್ಟು ಕೇಳಿ ಎಲ್ಲ ಸುಸೂತ್ರ ಅಂದುಕೊಳ್ಳಬೇಡಿ. ಈ ವಿದ್ಯೆಯಿಂದ ನಾನು ಇನ್ನೊಂದು ಎಡವಟ್ಟನ್ನೂ ಮಾಡಿಕೊಂಡೆ.

ಚಿಕ್ಕಮ್ಮನ ಪ್ರಸಂಗದ ಮೇಲೆ ನನಗೆ ಮಾವನ ಮೇಲೆ ಸಿಟ್ಟಿತ್ತು. ತಪ್ಪು ನನ್ನದು, ಸಿಟ್ಟು ಅವರ ಮೇಲೆ. ಅವರು ಗ್ರೂಪಿನಲ್ಲಿ ಏನು ಹಾಕಿದರೂ ಅದರ ಕೆಳಗೆ ನನ್ನದೊಂದು ಖಂಡನೆ ಬೀಳತೊಡಗಿತು. ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ ಅಂತ, ಒಂದು ಮಾತನ್ನು ಸಾಧಿಸಿ ತೋರಿಸುವ ನ್ಯಾಯಶಾಸ್ತ್ರದ ಐದು ಅವಯವ ಜೋಡಿಸಿ ಬರೆಯುತ್ತಿದ್ದೆ. ಒಂದು ದಿನ ಅವರು "ಹಾಗಾದ್ರೆ ಬೆಂಡೆಕಾಯಿ ವಿಷ ಅಂತೀಯಾ?" ಅಂತ ಕೇಳಿದರು. ನಾನು ತಕ್ಷಣ "ಇದು ಛಲ" ಅಂತ ಬರೆದೆ. ನ್ಯಾಯದಲ್ಲಿ ಛಲ ಅಂದರೆ ಎದುರಿನವನ ಮಾತನ್ನು ಅವನು ಹೇಳದ ಅರ್ಥಕ್ಕೆ ಎಳೆಯುವುದು. ಹೊಸ ಕಂಬಳಿ ಅನ್ನುವ ಅರ್ಥದಲ್ಲಿ ಒಬ್ಬ 'ಅವನು ನವಕಂಬಳ ಹೊದ್ದಿದ್ದಾನೆ' ಅಂದರೆ, ನವ ಅಂದರೆ ಒಂಬತ್ತು ಅಂತ ಹಿಡಿದು "ಎಲ್ಲಿ ಒಂಬತ್ತು? ಒಂದೇ ಇದೆಯಲ್ಲ" ಅನ್ನುವುದು. ಮಾವನಿಗೆ ಇದೆಲ್ಲ ಎಲ್ಲಿ ಗೊತ್ತಿರಬೇಕು? ಅವರು ಕನ್ನಡದ ಛಲ ಅಂತ ಓದಿಕೊಂಡರು. "ಹೌದು, ನನಗೆ ಛಲ ಇದೆ. ನಿನ್ನ ವಯಸ್ಸಿನಲ್ಲಿ ಮೂರು ಎಕರೆ ತೋಟ ಎಬ್ಬಿಸಿದ್ದು ಅದೇ ಛಲದಿಂದ" ಅಂತ ಬರೆದು ಗ್ರೂಪ್ ಬಿಟ್ಟು ಹೊರಗೆ ಹೋದರು.

ಆಪ್ತ ಪದದಿಂದ ಪೆಟ್ಟು ತಿಂದು ಬುದ್ಧಿ ಕಲಿತೆ ಅಂದುಕೊಂಡವನು ಛಲ ಪದದಲ್ಲಿ ಅದೇ ಗುಂಡಿಗೆ ಬಿದ್ದಿದ್ದೆ.

ಮೇಷ್ಟ್ರಿಗೆ ಹೇಳಿದೆ. ಅವರು ನಗಲಿಲ್ಲ. ಚರ್ಚೆಯಲ್ಲಿ ಮೂರು ಬಗೆ ಅಂತ ಓದಿದ್ದೆವಲ್ಲ ಅಂತ ನೆನಪಿಸಿದರು. ಇಬ್ಬರಿಗೂ ಸತ್ಯ ಬೇಕಾಗಿದ್ದರೆ ವಾದ. ಗೆಲ್ಲುವುದೇ ಗುರಿಯಾದರೆ ಜಲ್ಪ. ತನ್ನದೆಂದು ಯಾವ ಪಕ್ಷವೂ ಇಲ್ಲದೆ ಎದುರಿನವನನ್ನು ಕೆಡವುವುದೇ ಕೆಲಸವಾದರೆ ವಿತಂಡ. ವಾದ ಮಾಡಬೇಕಾದದ್ದು ಗುರುವಿನ ಜೊತೆ, ಶಿಷ್ಯನ ಜೊತೆ, ಸಹಪಾಠಿಯ ಜೊತೆ, ಅಸೂಯೆ ಇಲ್ಲದವರ ಜೊತೆ ಅಂತ ಸೂತ್ರವೇ ಇದೆ. ಹಾಗಾದರೆ ಜಲ್ಪ, ವಿತಂಡ ಯಾಕೆ ಕಲಿಸುತ್ತಾರೆ ಅಂತ ಕೇಳಿದೆ. ಮೊಳಕೆ ಕಾಯಲು ಮುಳ್ಳಿನ ಬೇಲಿ ಹಾಕುವ ಹಾಗೆ, ಸತ್ಯ ಕಾಯಲು ಅವು ಅಂತಲೂ ಗೌತಮ ಹೇಳಿದ್ದಾನೆ ಅಂದರು. ಆಮೇಲೆ ನನ್ನನ್ನೇ ನೋಡುತ್ತಾ ಕೇಳಿದರು, "ನಿನ್ನ ಬೇಲಿ ಒಳಗೆ ಮೊಳಕೆ ಯಾವುದಿತ್ತು?"

ಉತ್ತರ ಇರಲಿಲ್ಲ. ಚಿಕ್ಕಮ್ಮ ಆಗಲೇ ಮಾತ್ರೆ ಶುರು ಮಾಡಿಯಾಗಿತ್ತು.

ಮುಂದಿನ ಭಾನುವಾರ ಪಾಠ ತಪ್ಪಿಸಿ ಮಾವನ ಮನೆಗೆ ಹೋದೆ. ಬೆಂಡೆಕಾಯಿ ಸುದ್ದಿ ಇಬ್ಬರೂ ಎತ್ತಲಿಲ್ಲ. ಅಡಿಕೆ ರೇಟು, ಮಂಗನ ಕಾಟ, ಮಳೆ. ಹೊರಡುವಾಗ ಅವರೇ ಕೇಳಿದರು, "ಅವಳ ಸಕ್ಕರೆ ಈಗ ಎಷ್ಟಿದೆಯಂತೆ?" ಹೇಳಿದೆ. ಹೂಂ ಅಂದರು. ಗ್ರೂಪಿಗೆ ವಾಪಸ್ ಬಂದಿದ್ದಾರೆ. ಮೆಸೇಜ್ ಹಾಕುವುದು ನಿಂತಿಲ್ಲ. ತೀರಾ ಅಪಾಯದ್ದು ಅನ್ನಿಸಿದರೆ ನಾನು ಫೋನ್ ಮಾಡಿ ಅವರೊಬ್ಬರಿಗೇ ಹೇಳುತ್ತೇನೆ. ಅರ್ಧದಷ್ಟನ್ನು ಅಳಿಸುತ್ತಾರೆ.

ಮನೆಯಲ್ಲಿ ಈ ಪದಗಳನ್ನು ಬಳಸುವುದನ್ನೂ ಬಿಟ್ಟಿದ್ದೇನೆ. ಒಮ್ಮೆ ಹೆಂಡತಿಗೆ "ಇದು ವಾದವೋ ಜಲ್ಪವೋ ಮೊದಲು ತೀರ್ಮಾನ ಮಾಡೋಣ" ಅಂದಿದ್ದೆ. ಆವತ್ತು ರಾತ್ರಿ ಊಟ ನಾನೇ ಬಡಿಸಿಕೊಂಡೆ. ಮಗಳ ಹತ್ತಿರ ಮಾತ್ರ ಒಂದು ನಡೆಯುತ್ತದೆ. ಶಬ್ದಗಳು ಹತ್ತಿರ ಹತ್ತಿರ ಬಂದರೆ ಮಾತ್ರ ಅರ್ಥ, ಒಂದೊಂದು ಜಾವಕ್ಕೆ ಒಂದೊಂದು ಶಬ್ದ ಹೇಳಿದರೆ ಅದು ಪ್ರಮಾಣವಲ್ಲ ಅಂತ ತರ್ಕಸಂಗ್ರಹದಲ್ಲಿದೆ. ಅದಕ್ಕೆ ಸನ್ನಿಧಿ ಅನ್ನುತ್ತಾರೆ. ಅವಳು ಹಾಸ್ಟೆಲಿನಿಂದ ಬೆಳಿಗ್ಗೆ 'ಅಪ್ಪಾ' ಅಂತ ಕಳಿಸಿ, ಮಧ್ಯಾಹ್ನ 'ಬರ್ತಾ' ಅಂತ ಕಳಿಸಿ, ಸಂಜೆ 'ಇಲ್ಲ' ಅನ್ನುವವಳು. 'ಸನ್ನಿಧಿ ಇಲ್ಲ' ಅಂತ ಉತ್ತರ ಹಾಕಿದರೆ ತಕ್ಷಣ ಫೋನ್ ಮಾಡುತ್ತಾಳೆ.

ಮೊನ್ನೆ ಚಿಕ್ಕಮ್ಮ ಒಂದು ವಿಡಿಯೋ ಕಳಿಸಿದ್ದರು. ಯಾವುದೋ ಎಲೆ, ಮಂಡಿನೋವಿಗೆ ಕಟ್ಟುವುದಂತೆ. ಕೆಳಗೆ ಅವರದೇ ಧ್ವನಿಯಲ್ಲಿ ಒಂದು ಸಾಲು: "ಇದು ನೀನು ಕಂಡಿದ್ದೋ, ಕೇಳಿದ್ದೋ?"

ಎಲೆಯನ್ನು ಹಿಗ್ಗಿಸಿ ನೋಡಿದೆ. ಗುರುತು ಸಿಗಲಿಲ್ಲ. ಫೋನ್ ಮಾಡಿ, "ಎರಡೂ ಅಲ್ಲ ಚಿಕ್ಕಮ್ಮ. ನಂಗೆ ಗೊತ್ತಿಲ್ಲ. ಡಾಕ್ಟರ ಹತ್ರ ಕೇಳಿ" ಅಂದೆ.

"ಇಷ್ಟು ದೊಡ್ಡ ಅಂಗಡಿ ಇಟ್ಕೊಂಡು ಗೊತ್ತಿಲ್ಲ ಅಂತೀಯಲ್ಲ ಮಾರಾಯ" ಅಂದರು. ಆಮೇಲೆ, ಮಾತ್ರೆ ಮೂರು ದಿನದ್ದು ಉಳಿದಿದೆ, ಬಸ್ಸಿಗೆ ಹಾಕು ಅಂದರು.