ಒಂದು ದಿನ, ಒಂದೇ ದಿಕ್ಕು: ಮಡಿಕೇರಿಯಿಂದ ಗುಂಪು ಕಟ್ಕೊಂಡು ಹೊಳೆ-ಜಲಪಾತ ನೋಡೋಕೆ ಹೊರಡೋರಿಗೆ

ಮಳೆ ಕಮ್ಮಿ ಆಗಿ ದಸರಾ ಹತ್ರ ಬಂತು ಅಂದ್ರೆ ನಂಗೆ ಒಂದ್ ಫೋನ್ ಬಂದೇ ಬರತ್ತೆ. ಬೆಂಗ್ಳೂರಲ್ಲಿರೋ ನೆಂಟರೋ ಜೊತೇಲಿ ಓದಿದೋರೋ ಯಾರೋ ಒಬ್ರು, "ನಾವು 15 ಜನ ಇದೀವಿ, ಶನಿವಾರ ರಾತ್ರಿ ಮಡಿಕೇರಿಗೆ ಬಂದು ಮಲ್ಕೋತೀವಿ, ಭಾನುವಾರ ಇಡೀ ದಿನ ಇದೆ, ಅಬ್ಬಿ, ಮಲ್ಲಳ್ಳಿ, ಇರ್ಪು, ತಲಕಾವೇರಿ, ದುಬಾರೆ ಎಲ್ಲಾ ಮುಗಿಸ್ಬೇಕು, ಒಂದ್ ಪ್ಲಾನ್ ಹಾಕ್ಕೊಡು ಮಾರಾಯ" ಅಂತ. ಮುಗಿಸೋಕೆ ಅದೇನು ಹೋಂವರ್ಕಾ ಅಂತ ಬಾಯಿಗೆ ಬರತ್ತೆ, ಆದ್ರೆ ನೆಂಟರು ನೋಡಿ, ಸುಮ್ನಿರ್ತೀನಿ. ಪ್ರತಿ ಸಲ ಫೋನಲ್ಲಿ ಹೇಳಿ ಹೇಳಿ ಸಾಕಾಗಿ ಈ ಸಲ ಬರ್ದೇ ಇಡೋಣ ಅಂತ ಕೂತಿದೀನಿ.

ಮೊದ್ಲು ಮ್ಯಾಪ್ ತೆಗೀರಿ. ಕೊಡಗು ಅದ್ರಲ್ಲಿ ಅಂಗೈಯಷ್ಟು ಕಾಣತ್ತೆ, ಮೋಸ ಹೋಗೋದೇ ಅಲ್ಲಿ. ಮಲ್ಲಳ್ಳಿ ಜಲಪಾತ ಇರೋದು ಸೋಮವಾರಪೇಟೆಯಿಂದ ಇನ್ನೂ ಸುಮಾರು 25 ಕಿಲೋಮೀಟರ್ ಆಚೆ, ಪುಷ್ಪಗಿರಿ ಬುಡದಲ್ಲಿ, ಅಂದ್ರೆ ಜಿಲ್ಲೆಯ ಉತ್ತರದ ಮೂಲೆ. ಇರ್ಪು ಜಲಪಾತ ಇರೋದು ಕುಟ್ಟ ಹತ್ರ ಬ್ರಹ್ಮಗಿರಿ ಬುಡದಲ್ಲಿ, ಕೇರಳ ಗಡಿ ಪಕ್ಕ, ದಕ್ಷಿಣದ ಮೂಲೆ. ತಲಕಾವೇರಿ ಪಶ್ಚಿಮಕ್ಕೆ, ದುಬಾರೆ ಪೂರ್ವಕ್ಕೆ, ನಡುವಲ್ಲಿ ಮಡಿಕೇರಿ. ನಾಲ್ಕೂ ದಿಕ್ಕಿಗೆ ಹೋಗಿ ವಾಪಸ್ ಬರೋದಂದ್ರೆ ದಿನಪೂರ್ತಿ ಗಾಡಿ ಸೀಟು ನೋಡಿದಂಗೆ ಅಷ್ಟೇ. ಇಲ್ಲಿನ ರೋಡಲ್ಲಿ ಗಂಟೆಗೆ 30 ಕಿಲೋಮೀಟರ್ ಅಂತ ಲೆಕ್ಕ ಇಟ್ಕೊಳಿ, ಫೋನ್ ಎಷ್ಟೇ ಕಮ್ಮಿ ತೋರಿಸ್ಲಿ. ಗುಂಪು ಅಂದ್ಮೇಲೆ ಮೂರನೇ ತಿರುವಲ್ಲಿ ಯಾರಿಗೋ ತಲೆ ಸುತ್ತತ್ತೆ, ಐದನೇ ತಿರುವಲ್ಲಿ ಗಾಡಿ ನಿಲ್ಸು ಅಂತಾರೆ, ವಾಂತಿ ಆದೋರ್ ಮುಖ ತೊಳ್ಸಿ ನಿಂಬೆಹಣ್ಣು ಕೊಟ್ಟು ಹೊರಡೋಷ್ಟರಲ್ಲಿ ಇನ್ನೊಬ್ರಿಗೆ ಟೀ ಬೇಕಾಗಿರತ್ತೆ.

ಹಾಗಾಗಿ ನಂದು ಒಂದೇ ಮಾತು, ಒಂದು ದಿನಕ್ಕೆ ಒಂದೇ ದಿಕ್ಕು. ಒಂದ್ ದೊಡ್ಡ ನೀರು, ದಾರೀಲಿ ಸಿಕ್ರೆ ಒಂದ್ ಚಿಕ್ಕ ನೀರು, ಅಷ್ಟೇ.

ನನ್ನ ಕೇಳಿದ್ರೆ ದಕ್ಷಿಣದ ದಾರೀನೇ ಗುಂಪಿಗೆ ಒಳ್ಳೇದು. ಮಡಿಕೇರಿಯಿಂದ ಮೂರ್ನಾಡು, ಅಲ್ಲಿಂದ ಇಳ್ಕೊಂಡು ಹೋದ್ರೆ ಬೇತ್ರಿ ಹತ್ರ ಕಾವೇರಿ ಸಿಗ್ತಾಳೆ, ಸೇತುವೆ ದಾಟಿ ಒಂದೈದ್ ನಿಮಿಷ ಸೈಡಿಗೆ ನಿಲ್ಸಿ ನೋಡಿ, ಆಮೇಲೆ ವಿರಾಜಪೇಟೆ, ಗೋಣಿಕೊಪ್ಪ, ಪೊನ್ನಂಪೇಟೆ, ಶ್ರೀಮಂಗಲ, ಇರ್ಪು. ಹೆಚ್ಚುಕಮ್ಮಿ 80 ಕಿಲೋಮೀಟರ್, ಬೆಳಿಗ್ಗೆ 7ಕ್ಕೆ ಬಿಟ್ರೆ ವಿರಾಜಪೇಟೇಲಿ ತಿಂಡಿ ತಿಂದು ಹತ್ತೂವರೆಗೆ ಆರಾಮಾಗಿ ಅಲ್ಲಿರ್ತೀರ. ಕೆಳಗೆ ರಾಮೇಶ್ವರ ದೇವಸ್ಥಾನ ಇದೆ, ಗದ್ದೆ ಮಧ್ಯೆ, ಅದನ್ನ ನೋಡ್ಕೊಂಡು ಅರಣ್ಯ ಇಲಾಖೆ ಟಿಕೆಟ್ ತಗೊಂಡು ಕಾಡೊಳಗೆ ಮೆಟ್ಟಿಲು ಹತ್ತೋದು. ಸೀತೆ ಹುಡುಕ್ಕೊಂಡು ಬಂದಾಗ ರಾಮನಿಗೆ ಬಾಯಾರಿಕೆ ಆಗಿ ಲಕ್ಷ್ಮಣ ಬೆಟ್ಟಕ್ಕೆ ಬಾಣ ಬಿಟ್ಟು ನೀರು ತರಿಸ್ದ ಅಂತ ಕಥೆ, ಅದಕ್ಕೇ ಹೊಳೆ ಹೆಸರು ಲಕ್ಷ್ಮಣತೀರ್ಥ. ಇದೇ ನೀರು ಹುಣಸೂರು ಕಡೆ ಹರ್ಕೊಂಡು ಹೋಗಿ ಕನ್ನಂಬಾಡಿ ಕಟ್ಟೆ ಹಿನ್ನೀರಲ್ಲಿ ಕಾವೇರಿಗೆ ಸೇರತ್ತೆ, ಮೈಸೂರಿಂದ ಬಂದಿರೋ ಮಕ್ಕಳಿದ್ರೆ ಇದನ್ನ ಹೇಳಿ, ನಮ್ಮೂರಿನ್ ನೀರು ಇಲ್ಲಿಂದಾನಾ ಅಂತ ಕಣ್ಣರಳಿಸ್ತಾರೆ. ಸುಮಾರು 170 ಅಡಿ ಎತ್ತರದಿಂದ ಬೀಳತ್ತೆ, ಒಂದೇ ಸಲಕ್ಕೆ ಅಲ್ಲ, ಹಂತ ಹಂತವಾಗಿ. ಮಳೆಗಾಲ ಕಳ್ದ್ಮೇಲೆ ನೀರಿನ ರಭಸ ಇಳಿದಿರತ್ತೆ, ಕೆಳಗಿನ ಹಂತದಲ್ಲಿ ಸಿಬ್ಬಂದಿ ಬಿಟ್ರೆ ತಲೆ ಒಡ್ಡಿ ನಿಲ್ಲಬಹುದು. ಆ ತಣ್ಣೀರಿಗೆ ಮೊದಲ ಹತ್ತು ಸೆಕೆಂಡು ಕಿರುಚ್ತೀರ, ಆಮೇಲೆ ಹೊರಗೆ ಬರೋಕೆ ಮನಸ್ಸಾಗಲ್ಲ.

ಇರ್ಪಿಂದ ವಾಪಸ್ ಮಡಿಕೇರಿಗೇ ಬರ್ಬೇಕು ಅಂತೇನಿಲ್ಲ, ಕುಟ್ಟ ಮೇಲೆ ನಾಗರಹೊಳೆ ಕಾಡೊಳಗೆ ಹುಣಸೂರು, ಮೈಸೂರು ಕಡೆ ಹೋಗಬಹುದು. ಆದ್ರೆ ಆ ಕಾಡಿನ ರೋಡು ಸಂಜೆ 6ರಿಂದ ಬೆಳಿಗ್ಗೆ 6ರ ತನಕ ಬಂದ್. ಗೇಟ್ ಹತ್ರ ಆರೂ ಐದಕ್ಕೆ ಹೋಗಿ "ಐದೇ ನಿಮಿಷ ಸಾರ್" ಅಂದ್ರೆ ಬಿಡಲ್ಲ, ಬಿಡಬಾರ್ದು ಕೂಡ.

ಉತ್ತರದ ದಾರಿ ಅಂದ್ರೆ ಸುಂಟಿಕೊಪ್ಪ, ಮಾದಾಪುರ, ಸೋಮವಾರಪೇಟೆ, ಶಾಂತಳ್ಳಿ, ಮಲ್ಲಳ್ಳಿ. ನೋಡೋಕೆ ಕೊಡಗಲ್ಲೇ ಇದಕ್ಕಿಂತ ಗಂಭೀರವಾಗಿರೋ ಜಲಪಾತ ಇಲ್ಲ ಅಂತೀನಿ ನಾನು, ಕುಮಾರಧಾರಾ ಹೊಳೆ ಸುಮಾರು 200 ಅಡಿ ಧುಮುಕೋದನ್ನ ಎದುರಿನ ಗುಡ್ಡದಿಂದ ನೋಡ್ತೀರ, ಆ ಸದ್ದಿಗೆ ಪಕ್ಕದಲ್ಲಿರೋರ ಮಾತು ಕೇಳ್ಸಲ್ಲ. ಇನ್ನೊಂದ್ ವಿಷ್ಯ, ಕೊಡಗಲ್ಲಿ ಬಿದ್ದ ನೀರೆಲ್ಲಾ ಕಾವೇರಿಗೆ ಹೋಗತ್ತೆ ಅನ್ಕೋತಾರೆ ಜನ, ಇದು ಹೋಗಲ್ಲ, ಸುಬ್ರಹ್ಮಣ್ಯದ ಕಡೆ ಇಳ್ದು ಉಪ್ಪಿನಂಗಡೀಲಿ ನೇತ್ರಾವತಿ ಸೇರಿ ಮಂಗಳೂರು ಸಮುದ್ರಕ್ಕೆ. ಆದ್ರೆ ಕೆಳಗೆ ಇಳಿಯೋಕೆ ನೂರಾರು ಮೆಟ್ಟಿಲು, ಇಳಿಯೋವಾಗ ಎಲ್ರೂ ಹೀರೋಗಳು. ಹತ್ತೋವಾಗ ಮಂಡಿ ನೋವಿರೋ ಚಿಕ್ಕಪ್ಪನ್ನ ಇಬ್ರು ಹಿಡ್ಕೊಂಡು ತರ್ಬೇಕಾಗತ್ತೆ, ನಾವು ತಂದಿದೀವಿ. ವಯಸ್ಸಾದೋರು ಮೇಲಿನ ವ್ಯೂಪಾಯಿಂಟಲ್ಲೇ ಕೂತ್ಕೊಳ್ಳಿ, ಅವ್ರ ಜೊತೆ ಒಬ್ರು ಇರ್ಲಿ, ಕಡ್ಲೆಕಾಯಿ ಪೊಟ್ಟಣ ಕೊಟ್ಟು ಹೋಗಿ.

ಚಿಕ್ಕ ಮಕ್ಕಳು, ಅಜ್ಜ ಅಜ್ಜಿ ಎಲ್ಲಾ ಇರೋ ಗುಂಪಾದ್ರೆ ಕಾವೇರಿ ಹಿಡ್ಕೊಂಡು ಪಶ್ಚಿಮಕ್ಕೆ ಹೋಗಿ. ಚೇರಂಬಾಣೆ ಮೇಲೆ ಭಾಗಮಂಡಲ ಸುಮಾರು 40 ಕಿಲೋಮೀಟರ್, ಅಲ್ಲಿ ಕಾವೇರಿ, ಕನ್ನಿಕೆ, ಕಣ್ಣಿಗೆ ಕಾಣದ ಸುಜ್ಯೋತಿ ಸೇರೋ ಸಂಗಮದಲ್ಲಿ ಕಾಲು ನೆನೆಸ್ಕೊಂಡು, ಭಗಂಡೇಶ್ವರನ ನೋಡ್ಕೊಂಡು, ಮೇಲೆ 8 ಕಿಲೋಮೀಟರ್ ತಲಕಾವೇರಿ. ಅದು ಪೂಜೆಯ ಜಾಗ, ಪಿಕ್ನಿಕ್ ಸ್ಪಾಟ್ ಅಲ್ಲ, ಚಡ್ಡಿ ಹಾಕ್ಕೊಂಡು ಸ್ಪೀಕರ್ ಹಿಡ್ಕೊಂಡು ಹೋಗ್ಬೇಡಿ ದಯವಿಟ್ಟು. ಪೂರ್ವಕ್ಕಾದ್ರೆ ದುಬಾರೆ ಆನೆ ಶಿಬಿರ, ಬೆಳಿಗ್ಗೆ ಬೇಗ ಹೋದ್ರೆ ಆನೆಗಳಿಗೆ ಸ್ನಾನ ಮಾಡ್ಸೋದು ಸಿಗತ್ತೆ, ಲೇಟಾದ್ರೆ ಬರೀ ಕ್ಯೂ. ಅದರ ಜೊತೆ ಕುಶಾಲನಗರದ ಹತ್ರ ನಿಸರ್ಗಧಾಮ, ತೂಗುಸೇತುವೆ ದಾಟಿ ಬಿದಿರು ಮೆಳೆ ಮಧ್ಯೆ ಓಡಾಡೋ ದ್ವೀಪ, ಮಕ್ಕಳಿಗೆ ಖುಷಿ.

ಅಬ್ಬಿ? ಮಡಿಕೇರಿಯಿಂದ 8 ಕಿಲೋಮೀಟರ್, ಯಾವ ದಿಕ್ಕಿಗೆ ಹೋದ್ರೂ ಬೆಳಿಗ್ಗೆ ಬೇಗನೋ ಹಿಂದಿನ ದಿನ ಸಂಜೆಯೋ ನೋಡ್ಕೊಂಡ್ಬಿಡಿ. ನೀರಿಗಿಳಿಯೋ ಹಾಗಿಲ್ಲ, ನಿಂತು ನೋಡೋದಷ್ಟೇ. ಅಬ್ಬಿ ಅಂದ್ರೇನೇ ಜಲಪಾತ, ಅಬ್ಬಿ ಫಾಲ್ಸ್ ಅಂದ್ರೆ ಫಾಲ್ಸ್ ಫಾಲ್ಸ್ ಅಂದಂಗೆ, ನಾವೂ ಹಂಗೇ ಅಂತೀವಿ ಬಿಡಿ.

ಚೇಲಾವರದ ಬಗ್ಗೆ ಎಲ್ರೂ ಕೇಳ್ತಾರೆ, ಚೆಯ್ಯಂಡಾಣೆ ಹತ್ರ ಇರೋದು. ಚೆಂದ ಇದೆ, ಇಲ್ಲ ಅನ್ನಲ್ಲ. ಆದ್ರೆ ಕೆಳಗಿನ ಗುಂಡಿ ಆಳ, ನೋಡೋಕೆ ಶಾಂತವಾಗಿ ಕಾಣತ್ತೆ, ಈಜು ಬರೋ ಹುಡುಗ್ರೇ ಅಲ್ಲಿ ಪ್ರಾಣ ಬಿಟ್ಟಿದಾರೆ. ನಾನಂತೂ ಗುಂಪು ಕರ್ಕೊಂಡು ಅಲ್ಲಿಗೆ ಹೋಗಲ್ಲ, ಹೋಗೋರು ಮೇಲಿಂದ ನೋಡಿ ಕಕ್ಕಬ್ಬೆಯ ನಾಲ್ಕುನಾಡು ಅರಮನೆ ಕಡೆ ಹೊರಡಿ.

ಯಾವಾಗ ಬರ್ಬೇಕು ಅಂದ್ರೆ, ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್ ತನಕ. ನೀರೂ ಇರತ್ತೆ, ಬಿಸಿಲೂ ಇರತ್ತೆ. ಜೂನ್, ಜುಲೈ, ಆಗಸ್ಟಲ್ಲಿ ನೀರು ಭಯಂಕರ ಚೆನ್ನಾಗಿರತ್ತೆ ಆದ್ರೆ ಗುಂಪು ಕಟ್ಕೊಂಡು ಬರೋ ಕಾಲ ಅದಲ್ಲ, 2018ರ ಆಗಸ್ಟಲ್ಲಿ ಗುಡ್ಡ ಜಾರಿ ಊರೂರೇ ಹೋಗಿದ್ದು ನೋಡಿದ್ಮೇಲೆ ನಮ್ಗೇ ಜೋರು ಮಳೆ ಅಂದ್ರೆ ರಾತ್ರಿ ನಿದ್ದೆ ಬರಲ್ಲ. ಮಾರ್ಚ್ ದಾಟಿದ್ರೆ ಬಂಡೆ ಜಾಸ್ತಿ, ನೀರು ಕಮ್ಮಿ. ಇನ್ನು ತಪ್ಪಿಸ್ಬೇಕಾದ ದಿನಗಳು ಇವು: ಅಕ್ಟೋಬರ್ 17ರ ಆಸುಪಾಸು ತುಲಾ ಸಂಕ್ರಮಣಕ್ಕೆ ಭಾಗಮಂಡಲ, ತಲಕಾವೇರಿ ಜಾತ್ರೆ, ಶಿವರಾತ್ರಿಗೆ ಇರ್ಪಲ್ಲಿ ಕಾಲಿಡೋಕೆ ಜಾಗ ಇರಲ್ಲ, ವಿಜಯದಶಮಿ ರಾತ್ರಿ ಮಡಿಕೇರೀಲಿ ಹತ್ತು ದೇವಸ್ಥಾನಗಳ ಮಂಟಪಗಳ ಮೆರವಣಿಗೆ, ದಶಮಂಟಪ. ಭಕ್ತಿಯಿಂದ ಬರೋರಾದ್ರೆ ಬನ್ನಿ, ಜಾಲಿ ಟ್ರಿಪ್ಪಿಗೆ ಬೇಡ.

ಗುಂಪಿನ ವಿಷ್ಯಕ್ಕೆ ಬರೋಣ. 12ರಿಂದ 16 ಜನ ಸರಿಯಾದ ಲೆಕ್ಕ, ಒಂದು ಟಿಟಿ, ಅಂದ್ರೆ ಟೆಂಪೋ ಟ್ರಾವೆಲರ್, ಸಾಕು. ಅದಕ್ಕಿಂತ ದೊಡ್ಡ ಬಸ್ ಮಾಡಿದ್ರೆ ಹಳ್ಳಿ ರೋಡಲ್ಲಿ ಎದುರಿಗೆ ಕಾಫಿ ಲೋಡ್ ಲಾರಿ ಬಂದಾಗ ರಿವರ್ಸ್ ಹೊಡೆಯೋದೇ ಕೆಲಸ. ನಾಲ್ಕ್ ಕಾರಲ್ಲಿ ಬರ್ತೀವಿ ಅಂದ್ರೆ ಒಂದ್ ಕಾರು ತಪ್ಪಿ ಎಲ್ಲೋ ಹೋಗೇ ಹೋಗತ್ತೆ, ನೆಟ್ವರ್ಕ್ ಬೇರೆ ಇರಲ್ಲ. ಡ್ರೈವರ್ ಘಾಟಿ ಗೊತ್ತಿರೋರು ಆಗಿರ್ಲಿ. ಒಬ್ರನ್ನ ಯಜಮಾನ ಅಂತ ಮಾಡಿ, ಹೊರಡೋಣ ಅಂದ್ರೆ ಎಲ್ರೂ ಹೊರಡ್ಬೇಕು, ಆ ಒಬ್ರು ಫೋಟೋ ಹುಚ್ಚು ಇಲ್ದಿರೋರಾದ್ರೆ ಒಳ್ಳೇದು. ದುಡ್ಡು ಮೊದ್ಲೇ ತಲಾ ಇಷ್ಟು ಅಂತ ಕಲೆಕ್ಟ್ ಮಾಡಿ ಒಬ್ರ ಕೈಲಿ ಕೊಡಿ, ಅದ್ರಲ್ಲಿ ಅರ್ಧ ನೋಟಾಗಿ ಇರ್ಲಿ, ಹತ್ತು ಇಪ್ಪತ್ತು ಐವತ್ತರ ಚಿಲ್ರೆ ಸಮೇತ, ಪಾರ್ಕಿಂಗ್ ಕೊಡೋವಾಗ ಫೋನ್ ಎತ್ತಿ ಆಕಾಶಕ್ಕೆ ತೋರ್ಸಿದ್ರೂ ಸ್ಕ್ಯಾನ್ ಆಗಲ್ಲ.

ಊಟ, ಇದನ್ನ ಮಾತ್ರ ಮರೀಬೇಡಿ. ಮೂರ್ ವರ್ಷದ ಹಿಂದೆ ನಾವೇ 17 ಜನ ಮಲ್ಲಳ್ಳಿಗೆ ಹೋಗಿ, ಎಲ್ಲಾದ್ರೂ ತಿಂದ್ರಾಯ್ತು ಅಂದ್ಕೊಂಡು, ಮೆಟ್ಟಿಲು ಹತ್ತಿ ಸುಸ್ತಾಗಿ ಮೂರೂವರೆಗೆ ಪೇಟೆಗೆ ಬಂದ್ರೆ ಒಂದ್ ಹೋಟ್ಲಲ್ಲಿ ಊಟ ಖಾಲಿ, ಇನ್ನೊಂದ್ ಕಡೆ ಐದು ಪ್ಲೇಟ್ ಚಿತ್ರಾನ್ನ. ಆವತ್ತು ಆ ಐದು ಪ್ಲೇಟಿಗೆ ನಡೆದ ಜಗಳ ಇವತ್ತಿಗೂ ಮದುವೆ ಮನೇಲಿ ಮಾತಿಗೆ ಬರತ್ತೆ. ಹಿಂದಿನ ದಿನಾನೇ ದಾರೀಲಿರೋ ಹೋಂಸ್ಟೇಗೋ ಹೋಟ್ಲಿಗೋ ಫೋನ್ ಮಾಡಿ, ಇಷ್ಟ್ ಜನ, ಇಷ್ಟ್ ಗಂಟೆಗೆ, ಇಷ್ಟ್ ವೆಜ್ಜು ಅಂತ ಹೇಳ್ಬಿಡಿ. ಕಡಂಬುಟ್ಟು (ಅಕ್ಕಿ ತರಿಯ ಉಂಡೆ), ಪಂದಿ ಕರಿ (ಹಂದಿ ಮಾಂಸದ ಸಾರು), ನೂಪುಟ್ಟು (ಶಾವಿಗೆ), ಅಕ್ಕಿ ಒಟ್ಟಿ (ಅಕ್ಕಿ ರೊಟ್ಟಿ) ಎಲ್ಲಾ ಹೇಳಿದ್ರೆ ಮಾಡ್ಕೊಡೋ ಮನೆಗಳಿವೆ, ಆದ್ರೆ ಹೇಳ್ದೆ ಹೋಗಿ ಕಡಂಬುಟ್ಟು ಕೇಳಿದ್ರೆ ಎಲ್ಲಿಂದ ತರ್ತಾರೆ, ಅದು ಆವೀಲಿ ಬೇಯ್ಬೇಕು. ಮತ್ತೆ ನೀರಾಟ ಮೊದ್ಲು, ಊಟ ಆಮೇಲೆ, ಹೊಟ್ಟೆ ತುಂಬಿಸ್ಕೊಂಡು ನೀರಿಗೆ ಇಳೀಬೇಡಿ. ಎಣ್ಣೆ ಪಾರ್ಟಿ ಇದ್ರೆ ರಾತ್ರಿ ರೂಮಲ್ಲಿ, ಹೊಳೆ ಪಕ್ಕ ಖಂಡಿತಾ ಬೇಡ, ಇದ್ರಲ್ಲಿ ಚೌಕಾಸಿ ಇಲ್ಲ.

ನೀರಿನ ಹತ್ರ ಹೋದ್ಮೇಲೆ ನೋಡ್ಕೋಬೇಕಾಗಿದ್ದು ಏನಂದ್ರೆ, ಇಲ್ಲಿ ಬಿಸಿಲಿದ್ರೂ ಮೇಲೆ ಬೆಟ್ಟದಲ್ಲಿ ಮಳೆ ಬಿದ್ದಿರಬಹುದು. ತಿಳಿಯಾಗಿದ್ದ ನೀರು ಇದ್ದಕ್ಕಿದ್ದಂಗೆ ಕೆಂಪಾಯ್ತು, ಎಲೆ ಕಡ್ಡಿ ತೇಲ್ಕೊಂಡು ಬರೋಕೆ ಶುರುವಾಯ್ತು, ಸದ್ದು ಬದಲಾಯ್ತು ಅಂದ್ರೆ ಚಪ್ಪಲಿ ಬ್ಯಾಗು ಅಂತ ನೋಡ್ಬೇಡಿ, ಮೊದ್ಲು ದಡ ಹತ್ತಿ. ಬಂಡೆ ಮೇಲೆ ಕಪ್ಪಗೆ ಹೊಳೀತಿದ್ರೆ ಅದು ಪಾಚಿ, ಅದರ ಮೇಲೆ ಯಾವ ಶೂ ಹಾಕಿದ್ರೂ ಜಾರತ್ತೆ, ಕೂತ್ಕೊಂಡೇ ಸರೀರಿ, ಮರ್ಯಾದೆ ಹೋಗಲ್ಲ. ಕಾವೇರಿ ಅಗಲವಾಗಿ ನಿಧಾನಕ್ಕೆ ಹರಿಯೋ ಕಡೇನೇ ಮಡು ಇರೋದು, ಅಲ್ಲಿ ಸುಳಿನೂ ಇರತ್ತೆ, ಊರೋರು ಎಲ್ಲಿ ಬಟ್ಟೆ ಒಗೀತಾರೋ ಅಲ್ಲಿ ಇಳೀರಿ, ಬೇಡ ಅಂದ ಕಡೆ ಬೇಡ. ನೀರಿಗಿಳಿಯೋ ಮುಂಚೆ ತಲೆ ಎಣಿಸಿ, ಹೊರಗೆ ಬಂದ್ಮೇಲೆ ಎಣಿಸಿ, ಗಾಡಿ ಹತ್ತಿದ್ಮೇಲೆ ಇನ್ನೊಂದ್ಸಲ, ಎಣಿಸೋರು ತಮ್ಮನ್ನೂ ಸೇರಿಸ್ಕೊಂಡು ಎಣಿಸಿ, ನಮ್ಮ ಮಾವ ಒಂದ್ಸಲ ತನ್ನನ್ನೇ ಬಿಟ್ಟು ಒಬ್ರು ಕಮ್ಮಿ ಅಂತ ಅರ್ಧ ಗಂಟೆ ಕಾಡೆಲ್ಲಾ ಕೂಗಿಸಿದ್ರು.

ಜಿಗಣೆಗೆ ಹೆದರ್ಬೇಡಿ, ಉದ್ದ ಸಾಕ್ಸ್ ಹಾಕಿ ಪ್ಯಾಂಟನ್ನ ಒಳಗೆ ಸೇರಿಸಿ, ಒಂದ್ ಪೊಟ್ಟಣ ಉಪ್ಪು ಜೇಬಲ್ಲಿಟ್ಕೊಳಿ. ಹತ್ತಿದ್ರೆ ಕಿತ್ತು ಎಳೀಬೇಡಿ, ಒಂದ್ ಚಿಟಿಕೆ ಉಪ್ಪು ಹಾಕಿದ್ರೆ ತಾನೇ ಉದುರತ್ತೆ, ಸ್ವಲ್ಪ ಹೊತ್ತು ರಕ್ತ ಬರತ್ತೆ, ತೊಳ್ದು ಒತ್ತಿ ಹಿಡೀರಿ ಸಾಕು. ಗಾಡಿ ಹತ್ತೋ ಮುಂಚೆ ಸಾಕ್ಸ್ ಮಡಿಕೆ ನೋಡ್ಕೊಳಿ. ಚಿಪ್ಸ್ ಕವರು, ಬಾಟ್ಲಿ ಎಲ್ಲಾ ವಾಪಸ್ ತರೋಕೆ ಒಂದ್ ಖಾಲಿ ಗೋಣಿಚೀಲ, ಒದ್ದೆ ಬಟ್ಟೆಗೆ ಇನ್ನೊಂದು, ಎರಡೂ ಅದಲುಬದಲಾಗ್ದಂಗೆ ಬೇರೆ ಬೇರೆ ಬಣ್ಣದ ದಾರ ಕಟ್ಟಿ.

ಸಂಜೆ ನಾಲ್ಕೂವರೆಗೆ ನೀರಿಂದ ಹೊರಟ್ಬಿಡಿ. ಕತ್ತಲಾದ್ಮೇಲೆ ಮಡಿಕೇರಿ ಹತ್ತೋವಾಗ ಮಂಜು ಇಳಿದ್ರೆ ಲೈಟ್ ಹಾಕಿದ್ರೂ ಎದುರಿಗೆ ಬಿಳಿ ಗೋಡೆ ಒಂದೇ, ಹೈಬೀಮ್ ಹಾಕಿದ್ರೆ ಇನ್ನೂ ಕಾಣಲ್ಲ, ಲೋಬೀಮಲ್ಲೇ ನಿಧಾನಕ್ಕೆ ಬನ್ನಿ. ದಾರೀಲಿ ಎಲ್ಲಾದ್ರೂ ಬೆಲ್ಲದ ಕಾಫಿ ಸಿಕ್ರೆ ನಿಲ್ಸಿ, ಮೈ ನಡುಗ್ತಿರತ್ತೆ, ಆಗ ಕುಡೀಬೇಕು ಅದನ್ನ. ಮತ್ತೆ ಹೊರಡೋ ಹಿಂದಿನ ರಾತ್ರಿ ನಂಗೊಂದ್ ಫೋನ್ ಹಾಕಿ, ಯಾವ ದಿಕ್ಕು ಅಂತ ಮಾತ್ರ ಹೇಳಿ, ಎರಡು ಹೆಸರು ಹೇಳಿದ್ರೆ ನಾನು ಎತ್ತೋದೇ ಇಲ್ಲ.