ಉಪ್ಪು, ಬೆಂಕಿಪೊಟ್ಟಣ, ವಾಷರ್

ಸಾಧಕರ ದಿನಚರಿಯ ಬಗ್ಗೆ ಓದುವ ಚಟ ನನಗೆ ಮೊದಲಿನಿಂದಲೂ ಇದೆ. ಅವರು ನಸುಕಿನಲ್ಲೇ ಏಳುತ್ತಾರೆ ಎಂದು ಓದಿದರೆ ಮದುವೆ ಅಡುಗೆ ಕಂಟ್ರಾಕ್ಟು ಹಿಡಿಯುವ ನನಗೆ ನಗು ಬರುತ್ತದೆ. ಅಷ್ಟು ಹೊತ್ತಿಗೆ ನಮ್ಮಲ್ಲಿ ಒಂದು ಕೊಪ್ಪರಿಗೆ ಸಾರು ಕುದಿದಿರುತ್ತದೆ. ನನ್ನ ಕೆಲಸಕ್ಕೆ ಒದಗಿದ್ದು ಬೇರೆ ಅಭ್ಯಾಸ. ನಿಜವಾಗಿ ಪಳಗಿದವರು ತಮ್ಮ ನೆನಪನ್ನು ಅಷ್ಟಾಗಿ ನಂಬುವುದಿಲ್ಲ.

1935ರ ಅಕ್ಟೋಬರ್ 30ರಂದು ಅಮೆರಿಕದ ಓಹಾಯೋದಲ್ಲಿ ಬೋಯಿಂಗ್‌ನ ನಾಲ್ಕು ಎಂಜಿನ್‌ಗಳ ಹೊಸ ವಿಮಾನ ಪರೀಕ್ಷಾ ಹಾರಾಟದಲ್ಲಿ ಮೇಲೇರುತ್ತಲೇ ಬಿದ್ದುಹೋಯಿತು. ಎಂಜಿನ್ ಕೆಟ್ಟಿರಲಿಲ್ಲ. ನಿಂತಾಗ ಗಾಳಿಗೆ ಅಲುಗದಿರಲೆಂದು ಬಾಲದ ಭಾಗಕ್ಕೆ ಹಾಕುವ ಲಾಕನ್ನು ತೆಗೆದಿರಲಿಲ್ಲ, ಅಷ್ಟೇ. ನಡೆಸುತ್ತಿದ್ದವರು ಅದೇ ಕೆಲಸದಲ್ಲಿ ನುರಿತ ಪೈಲಟ್. ಪೈಲಟ್‌ಗಳ ಚೆಕ್‌ಲಿಸ್ಟ್ ಗಟ್ಟಿಯಾಗಿ ಬೇರೂರಿದ್ದು ಆ ಬಳಿಕ. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಸ್ತ್ರಚಿಕಿತ್ಸೆಗೂ 19 ಅಂಶಗಳ ಪಟ್ಟಿ ತಂದಿತು. ಅರಿವಳಿಕೆ ಕೊಡುವ ಮುನ್ನ, ಚರ್ಮ ಕೊಯ್ಯುವ ಮುನ್ನ, ರೋಗಿಯನ್ನು ಹೊರಗೆ ಕರೆದೊಯ್ಯುವ ಮುನ್ನ, ಹೀಗೆ ಮೂರು ಸಲ ಅಲ್ಲಿ ನಿಂತು ನೋಡುತ್ತಾರೆ.

ಆ ಮೂರನ್ನು ನಾನು ಹಾಗೆಯೇ ಎತ್ತಿಕೊಂಡೆ. ಸಾಮಾನಿನ ಗಾಡಿ ಹೊರಡುವ ಮುನ್ನ, ಒಲೆ ಹಚ್ಚುವ ಮುನ್ನ, ಪಂಕ್ತಿ ಕೂರುವ ಮುನ್ನ. ಹೂರಣದ ಹದ, ಕಣಕ ನೆನೆಯುವ ಹೊತ್ತು ಪಟ್ಟಿಯಲ್ಲಿಲ್ಲ. ಅವು ಕೈಗೆ ಗೊತ್ತು. ಇರುವುದು ಉಪ್ಪು, ಬೆಂಕಿಪೊಟ್ಟಣ, ರೆಗ್ಯುಲೇಟರಿನ ವಾಷರ್, ಅನ್ನ ಬಸಿಯುವ ಬಟ್ಟೆ. ಯಾರೋ ಹಾಕಿರುತ್ತಾರೆ ಎಂದು ಎಲ್ಲರೂ ಅಂದುಕೊಳ್ಳುವ ಸಾಮಾನುಗಳು. ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಮುಟ್ಟಿ ‘ಇದೆ’ ಎನ್ನಬೇಕು. ದೂರದಲ್ಲಿ ತೆಂಗಿನಕಾಯಿ ಸುಲಿಯುತ್ತಲೇ ‘ಇದೆ ಅಣ್ಣಾ, ಆಗಲೇ ಹಾಕಿದ್ದೇನೆ’ ಎಂದರೆ ಒಪ್ಪುವುದಿಲ್ಲ.

ನಮ್ಮ ಹಿರಿಯ ಭಟ್ಟರಿಗೆ ಇದು ಹಿಡಿಸಲಿಲ್ಲ. ‘ಇಷ್ಟು ವರ್ಷ ಸೌಟು ಹಿಡಿದವನಿಗೆ ಈಗ ಉಪ್ಪಿನ ಪಾಠವೇ?’ ಎಂದು ಮುಖ ತಿರುಗಿಸಿದರು. ವಾದ ಮಾಡಿ ಫಲವಿಲ್ಲವೆಂದು ಕಂಡು ಪಟ್ಟಿ ಓದುವ ಕೆಲಸವನ್ನು ಅವರಿಗೇ ಒಪ್ಪಿಸಿದೆ. ಈಗ ನಾನು ‘ಇದೆ’ ಎಂದರೂ ಅವರು ಕನ್ನಡಕ ಏರಿಸಿ, ‘ಎಲ್ಲಿ, ತೋರಿಸಿ ಸ್ವಾಮಿ’ ಎನ್ನುತ್ತಾರೆ.

ಪಟ್ಟಿಗೆ ಬೆಳೆಯುವ ಖಯಾಲಿ ಜಾಸ್ತಿ. ಒಂದು ಹಾಳೆಯ ಒಂದೇ ಮಗ್ಗುಲು ಎಂಬುದು ನನ್ನ ನಿಯಮ. ಹೊಸದು ಸೇರಬೇಕಾದರೆ ಹಳೆಯದೊಂದು ಹೋಗಬೇಕು. ಮೊನ್ನೆ ‘ಬಿಡಿ ವಾಷರ್’ ಸೇರಿಸಿ ‘ಬಾಳೆ ಎಲೆ’ ಹೊಡೆದುಹಾಕಿದೆ. ಎಲೆಯ ಹೊಣೆಯನ್ನು ಈಗ ಛತ್ರದವರೇ ಹೊತ್ತಿದ್ದಾರೆ.