ಟ್ರಾಯ್‌ಗೆ ನಮ್ಮ ರೀಚಾರ್ಜ್ ಅಂಗಡಿಯಿಂದ ಹೋದ ಉತ್ತರಗಳು

ಟ್ರಾಯ್‌ಗೆ (ಫೋನ್, ಇಂಟರ್‌ನೆಟ್ ಕಂಪನಿಗಳ ಮೇಲಿನ ಸರ್ಕಾರಿ ಪ್ರಾಧಿಕಾರ) ಅಭಿಪ್ರಾಯ ಕಳಿಸಿ ಅಂತ ಜನರ ಹಿಂದೆ ಬಿದ್ದವರಿಗೆಲ್ಲ ಇದು ಗೊತ್ತು. ಮೊದಲೇ ಬರೆದಿಟ್ಟ ರೆಡಿ ಮೇಲ್ ಹೋಗುವ ಬಟನ್ ಒತ್ತಿಸುವುದು ಸುಲಭ, ಉತ್ತರ ಬರೆಸುವುದು ಕಷ್ಟ. ನಾನು ಬರೆಸಿದೆ. ತಿಪಟೂರಿನಲ್ಲಿ ರೀಚಾರ್ಜ್, ಜೆರಾಕ್ಸ್, ಡಿಟಿಪಿ ಎಲ್ಲಾ ಒಂದೇ ಕೋಣೆಯಲ್ಲಿ ನಡೆಯುವ ಅಂಗಡಿಯಲ್ಲಿ ಕೂತು ಬರೆಸಿದೆ. "ನಿನ್ನ ಅಂಗಡಿ ಲೆಕ್ಕ ದಿಲ್ಲೀಲಿ ಯಾರು ಓದ್ತಾರೆ ಗುರು, ಸುಮ್ನೆ ರೆಡಿ ಮೇಲ್ ಕಳ್ಸು" ಎಂದ ಬೆಂಗಳೂರಿನ ಗೆಳೆಯರೇ 2016ರ ಫೆಬ್ರವರಿಯಲ್ಲಿ ಫೋನ್ ಮಾಡಿ ಹೇಗೆ ಮಾಡಿದೆ ಅಂತ ಕೇಳಿದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಸುತ್ತು 2015ರ ಏಪ್ರಿಲ್. ಇಂಟರ್‌ನೆಟ್ ಆಪ್, ಸೈಟುಗಳಿಗೆ ಯಾವ ಕಟ್ಟುಪಾಡು ಬೇಕು ಅಂತ ಟ್ರಾಯ್ ಜನರ ಅಭಿಪ್ರಾಯ ಕೇಳಿದ ಆ ಪೇಪರ್ ನೆನಪಿದೆಯಲ್ಲ, 118 ಪುಟ, 20 ಪ್ರಶ್ನೆ. ನಾನು ಎರಡು ಪುಟದ ಕನ್ನಡ ಕರಪತ್ರ ಮಾಡಿ ಸುಮಾರು 500 ಪ್ರತಿ ಹೊಡೆಸಿದೆ. ಕಾಗದ, ಟೋನರ್ ಸೇರಿ 800 ರೂಪಾಯಿ ಹತ್ತಿರ ಹೋಯಿತು. ಫಲ ಸೊನ್ನೆ. ಒಬ್ಬರೂ ಅದನ್ನು ಓದಿ ಮೇಲ್ ಕಳಿಸಲಿಲ್ಲ. ಕಾಲೇಜು ಹುಡುಗರು ಮಾತ್ರ ರೆಡಿ ಮೇಲ್ ಒತ್ತಿ ಹೋದರು. ದೇಶದ ಲೆಕ್ಕದಲ್ಲಿ ಆ ರೆಡಿ ಮೇಲ್‌ಗಳೇ 10 ಲಕ್ಷ ದಾಟಿದವು, ಕೆಲವು ಆಪ್ ಮಾತ್ರ ಗಿರಾಕಿಗೆ ಡೇಟಾ ಖರ್ಚಿಲ್ಲದೆ ಕೊಡುವ ಯೋಜನೆ ಏರ್‌ಟೆಲ್ ಝೀರೊ, ಗಲಾಟೆಗೆ ಹೆದರಿ ಫ್ಲಿಪ್‌ಕಾರ್ಟ್ ಏರ್‌ಟೆಲ್ ಝೀರೊದಿಂದ ಹೊರಗೆ ಬಂತು. ಅದು ದೊಡ್ಡದೇ, ಇಲ್ಲ ಅನ್ನಲ್ಲ. ಆದರೆ ಒಂದೊಂದು ಸೈಟಿಗೆ ಒಂದೊಂದು ದರ ಇಡಬಹುದಾ ಅನ್ನುವ ಪ್ರಶ್ನೆ ಹಾಗೇ ಉಳಿಯಿತು. ಮೇಲೆ ಏಪ್ರಿಲ್ ಕೊನೆಯಲ್ಲಿ ಕಳಿಸಿದವರ ಇಮೇಲ್ ವಿಳಾಸಗಳೆಲ್ಲ ಟ್ರಾಯ್ ವೆಬ್‌ಸೈಟಿನಲ್ಲೇ ಪ್ರಕಟವಾದವು. ಆ ಸುದ್ದಿ ಓದಿದವರು ಮುಂದೆ ವಿಳಾಸ ಕೊಡಲು ಹಿಂದೆ ಮುಂದೆ ನೋಡಿದರು. ಹಾಗಾಗಿ ಎರಡನೇ ಸುತ್ತಿಗೆ ಒಪ್ಪಿದವರಿಗೆಲ್ಲ ಇದಕ್ಕೆಂದೇ ಹೊಸ ಮೇಲ್ ಐಡಿ ಮಾಡಿಕೊಟ್ಟೆ. ಪಾಸ್‌ವರ್ಡ್ ಅವರವರ ಕೈಯಲ್ಲೇ.

ಎರಡನೇ ಸುತ್ತು ಡಿಸೆಂಬರ್ 9ಕ್ಕೆ ಬಂತು. ಬರೀ ನಾಲ್ಕು ಪ್ರಶ್ನೆ. ಒಂದೊಂದು ಸೈಟಿಗೆ ಒಂದೊಂದು ದರ ಇಡಬಹುದಾ, ಇಟ್ಟರೆ ಯಾವ ಕಟ್ಟುಪಾಡು, ಪುಕ್ಕಟೆ ಇಂಟರ್‌ನೆಟ್ ಕೊಡಲು ಬೇರೆ ದಾರಿ ಇದೆಯಾ, ಇನ್ನೇನಾದರೂ ಹೇಳೋದಿದೆಯಾ. ಆಗಲೇ ಫೇಸ್‌ಬುಕ್ ತನ್ನ ಬಳಕೆದಾರರಿಗೆಲ್ಲ ಫ್ರೀ ಬೇಸಿಕ್ಸ್ (ಆಯ್ದ ಕೆಲವು ಸೈಟು ಮಾತ್ರ ಪುಕ್ಕಟೆ ಕೊಡುವ ಅದರ ಯೋಜನೆ) ಪರವಾಗಿ ಟ್ರಾಯ್‌ಗೆ ಮೇಲ್ ಹೋಗುವ ಒಂದು ಬಟನ್ ತೋರಿಸಿತು. ದಿನಪತ್ರಿಕೆಗಳಲ್ಲಿ ಇಡೀ ಪುಟದ ಜಾಹೀರಾತು ಬೇರೆ. ಅದನ್ನು ವಿರೋಧಿಸುವ ನಮ್ಮ ಕಡೆಯವರೂ ಮತ್ತೆ ರೆಡಿ ಮೇಲ್ ಹಿಡಿದುಕೊಂಡು ಹೊರಟರು. ಬಟನ್‌ಗೆ ಬಟನ್ ಹಾಕಿದರೆ ಕೋಟಿಗಟ್ಟಲೆ ಬಳಕೆದಾರರು ಇರುವವನೇ ಗೆಲ್ಲುತ್ತಾನೆ, ಅಲ್ವಾ?

ನನ್ನ ಹತ್ತಿರ ಇದ್ದದ್ದು ಒಂದು ಉದ್ದನೆ ಲೆಡ್ಜರ್. "ಬ್ಯಾಲೆನ್ಸ್ ಕಟ್ ಆಯ್ತು" ಅಂತ ಜಗಳಕ್ಕೆ ಬಂದವರದ್ದೆಲ್ಲ ಅದರಲ್ಲಿ ಬರೆದಿಡುತ್ತಿದ್ದೆ, ಕಂಪನಿ ಡಿಸ್ಟ್ರಿಬ್ಯೂಟರ್‌ಗೆ ತೋರಿಸಲು. ಒಂದು ಕಂಪನಿ ಒಂದೇ ಆಪ್‌ಗೆ ಅಂತ ಚಿಕ್ಕ ಪ್ಯಾಕ್ ಮಾರುತ್ತಿತ್ತು. ಜನ ಆ ಆಪ್‌ನೊಳಗೆ ಬಂದ ಯಾವುದೋ ಲಿಂಕ್ ಒತ್ತುತ್ತಿದ್ದರು, ಅದು ಹೊರಗಿನ ಸೈಟು, ಮೇನ್ ಬ್ಯಾಲೆನ್ಸಿನಿಂದ ದುಡ್ಡು ಹೋಗುತ್ತಿತ್ತು. ಒಬ್ಬೊಬ್ಬರಿಗೆ 10 ರೂಪಾಯಿ, 30 ರೂಪಾಯಿ. ಮೊದಲ ಪ್ರಶ್ನೆಗೆ ಇದಕ್ಕಿಂತ ಒಳ್ಳೆ ಉತ್ತರ ಬೇಕಾ?

ಹಾಗಾಗಿ ಲೆಡ್ಜರಿನಲ್ಲಿ ಹೆಸರಿದ್ದವರನ್ನೇ ಕರೆದೆ. ನೆಟ್ ನ್ಯೂಟ್ರಾಲಿಟಿ (ಎಲ್ಲಾ ಸೈಟನ್ನೂ ಕಂಪನಿ ಒಂದೇ ಸಮ ನೋಡಬೇಕು ಅನ್ನೋದು) ಅನ್ನುವ ಮಾತೇ ಎತ್ತಲಿಲ್ಲ. ಏನಾಯಿತು, ಎಷ್ಟು ಹೋಯಿತು, ಆಮೇಲೆ ಏನು ಮಾಡಿದಿರಿ. ಅವರು ಹೇಳಿದ್ದನ್ನು ಕನ್ನಡದಲ್ಲೇ ಟೈಪ್ ಮಾಡಿ, ಓದಿ ಹೇಳಿ, ಕೆಳಗೆ ಇಂಗ್ಲಿಷ್ ಹಾಕಿ, ಯಾವ ಪ್ರಶ್ನೆಗೆ ಉತ್ತರ ಅಂತ ನಂಬರ್ ಹಾಕಿ ಅವರವರ ಮೇಲ್‌ನಿಂದಲೇ ಕಳಿಸಿದೆ. ಕೊಬ್ಬರಿ ವ್ಯಾಪಾರದ ಒಬ್ಬರು "ಮಾರ್ಕೆಟ್ ರೇಟು ಯಾವ ಸೈಟಲ್ಲಿ ನೋಡ್ಬೇಕು ಅಂತ ಸಿಮ್ ಕಂಪನಿ ಯಾಕೆ ಹೇಳ್ಬೇಕು" ಎಂದರು. ಅದನ್ನು ಹಾಗೇ ಹಾಕಿದೆ. ಯಾರನ್ನು ಯಾವ ಹೊತ್ತಿಗೆ ಕರೆದರೆ ಬಾಯಿ ಬಿಡುತ್ತಾರೆ, ಮೇಲ್‌ನ ಮೊದಲ ಸಾಲು ಏನಿರಬೇಕು, ಅದನ್ನು ಮಾತ್ರ ಇಲ್ಲಿ ಬರೆಯಲ್ಲ. ಕಷ್ಟಪಟ್ಟು ಕಲಿತದ್ದು.

ಖರ್ಚು ಕೇಳುವವರಿಗೆ: ಒಂದು ಉತ್ತರಕ್ಕೆ ಮುಕ್ಕಾಲು ಗಂಟೆ. ಆಗ ಪುಟಕ್ಕೆ 15 ರೂಪಾಯಿ ತೆಗೆದುಕೊಳ್ಳುತ್ತಿದ್ದ ಟೈಪಿಂಗ್ ಬಿಟ್ಟಿ. ಗಡುವು ಡಿಸೆಂಬರ್ 30ರಿಂದ ಜನವರಿ 7ಕ್ಕೆ ಹೋಯಿತು, ನನ್ನ ನಷ್ಟವೂ ಒಂದು ವಾರ ಜಾಸ್ತಿಯಾಯಿತು. ಒಟ್ಟು ಮೂರೂವರೆ, ನಾಲ್ಕು ಸಾವಿರ ಇರಬೇಕು. ಹೋದ ಉತ್ತರ ಅರವತ್ತು ಚಿಲ್ಲರೆ. ಮನೆಯವಳು ಭಾಗಿಸಿ ನೋಡಿ ಸುಮ್ಮನಾದಳು.

ನಡುವೆ ಒಂದೆರಡು ಪ್ರಯೋಗ. ಕೈಬರಹದ ಕನ್ನಡ ಪತ್ರಗಳನ್ನು ಒಂದೇ ಕವರಿನಲ್ಲಿ ಹಾಕಿ ಸ್ಪೀಡ್ ಪೋಸ್ಟ್ ಮಾಡಿದೆ. ತಲುಪಿದ್ದು ಖಚಿತ, ಉತ್ತರ ಮಾತ್ರ ಬರಲಿಲ್ಲ. ಇನ್ನೊಂದು, ಬಾಗಿಲಲ್ಲಿ ರಟ್ಟಿನ ಬೋರ್ಡ್. ಆಯ್ದ ಕೆಲವು ಸೈಟು ಪುಕ್ಕಟೆ ಬೇಕಾ, ಎಲ್ಲಾದಕ್ಕೂ ಆಗುವ 20 ಎಂಬಿ ಪುಕ್ಕಟೆ ಬೇಕಾ, ಬಿಂದಿ ಅಂಟಿಸಿ. ಒಂದು ಪ್ಯಾಕೆಟ್ ಬಿಂದಿ 5 ರೂಪಾಯಿ. ಹತ್ತರಲ್ಲಿ ಒಂಬತ್ತು ಬಿಂದಿ ಎಂಬಿ ಕಡೆ ಬಿದ್ದವು. ಬೋರ್ಡಿನ ಫೋಟೊ ಮೂರನೇ ಪ್ರಶ್ನೆಯ ಉತ್ತರಗಳಿಗೆಲ್ಲ ಲಗತ್ತಾಯಿತು.

ಟ್ರಾಯ್‌ಗೆ ಒಟ್ಟು 24 ಲಕ್ಷದಷ್ಟು ಅಭಿಪ್ರಾಯ ಬಂದಿದ್ದವು. ಅದರಲ್ಲಿ ನಮ್ಮದು ಎಷ್ಟರದ್ದು ಬಿಡಿ. ಆದರೆ ಜನವರಿಯಲ್ಲಿ ಟ್ರಾಯ್ ಫೇಸ್‌ಬುಕ್‌ಗೆ ಬರೆದ ಪತ್ರ ನೋಡಿದಾಗ ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ರೆಡಿ ಮೇಲ್‌ಗಳು ಕೇಳಿದ ಪ್ರಶ್ನೆಗೆ ಉತ್ತರವೇ ಅಲ್ಲ, ಸಮಾಲೋಚನೆಯನ್ನು ತಲೆ ಎಣಿಸುವ ಮತದಾನ ಮಾಡಿಬಿಟ್ಟಿರಿ ಅನ್ನುವ ಧಾಟಿ. ನಾನು ತಿಂಗಳಿಂದ ಹೇಳುತ್ತಿದ್ದದ್ದೂ ಅದೇ. 2016ರ ಫೆಬ್ರವರಿ 8ಕ್ಕೆ ನಿಯಮ ಬಂತು. ಸೈಟು ನೋಡಿ ದರ ಇಡುವಂತಿಲ್ಲ, ಇಟ್ಟರೆ ದಿನಕ್ಕೆ 50,000 ರೂಪಾಯಿ, ಗರಿಷ್ಠ 50 ಲಕ್ಷ ದಂಡ. ಫ್ರೀ ಬೇಸಿಕ್ಸ್ ಅಂಗಡಿ ಕಟ್ಟಿಕೊಂಡು ಹೋಯಿತು.

ಇನ್ನೊಂದು ಹೇಳಲೇಬೇಕು. ಅದೇ ವರ್ಷದ ಡಿಸೆಂಬರಿನಲ್ಲಿ ಹಳ್ಳಿಯ ಬಳಕೆದಾರರಿಗೆ ತಿಂಗಳಿಗೆ 100 ಎಂಬಿ ಪುಕ್ಕಟೆ ಕೊಡಿ ಅಂತ ಟ್ರಾಯ್ ತಾನೇ ಶಿಫಾರಸು ಮಾಡಿತು. ಬಿಂದಿ ಬೋರ್ಡಿನಿಂದ ಅಂತ ನಾನು ಹೇಳುತ್ತಿಲ್ಲ. ಅಲ್ಲ ಅಂತಲೂ ಹೇಳಲ್ಲ. ನನ್ನ ಗಿರಾಕಿಗಳ್ಯಾರಿಗೂ ಆ 100 ಎಂಬಿ ಸಿಗಲಿಲ್ಲ ಅನ್ನೋದು ಬೇರೆ ಮಾತು. ಅಷ್ಟರಲ್ಲಿ ಜಿಯೊ ಬಂದು ಚಿಕ್ಕ ಪ್ಯಾಕ್‌ಗಳ ವ್ಯಾಪಾರವನ್ನೇ ಗುಡಿಸಿ ಹಾಕಿತ್ತು. ಕಮಿಷನ್ ಅರ್ಧಕ್ಕಿಂತ ಕೆಳಗೆ ಇಳಿಯಿತು.

ಹೊಸ ಪೇಪರ್ ಬಂದಾಗ ಈಗಲೂ ಯಾರಾದರೂ ನಮೂನೆ ಕಳ್ಸಿ ಅನ್ನುತ್ತಾರೆ. ನಮೂನೆ ಕೊಡಲ್ಲ. ನಿಮ್ಮ ಬಿಲ್ಲು, ಮೆಸೇಜಿನ ಸ್ಕ್ರೀನ್‌ಶಾಟ್ ಹಿಡಿದುಕೊಂಡು ಬನ್ನಿ. ಭಾನುವಾರ ಬೇಡ, ಅಂಗಡಿ ಬಂದ್. ಟೈಪಿಂಗ್ ಈಗ ಪುಟಕ್ಕೆ 30.